‘ಇವನಿಗೆ ಓದೋ ಆಸೇನೇ ಇಲ್ಲ ಸಾರ್’: ಕಷ್ಟದ ಬಾಲ್ಯ, ಮಕ್ಕಳ ಓದಿನ ಕನಸು – ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹೈಸ್ಕೂಲಿನ ಗಣಿತದ ಮೇಷ್ಟ್ರು. ಮೊದಲು ಪಾವಗಡದ ಕಡೆ, ಆಮೇಲೆ ಶಿಡ್ಲಘಟ್ಟದ ಕಡೆ, ಒಟ್ಟು ಹತ್ತೊಂಬತ್ತು ವರ್ಷ ಪಾಠ ಮಾಡಿದ್ದೇನೆ. ಪೋಷಕರ ಸಭೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಜನ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಹೊಸ ಟೀಚರುಗಳೂ ಅವನ್ನೇ ಕೇಳುತ್ತಾರೆ. ಪ್ರತಿ ಸಲ ಬಾಯಲ್ಲಿ ಹೇಳಿ ಅರ್ಧ ಮರೆಯುವುದಕ್ಕಿಂತ ಒಂದು ಸಲ ಬರೆದಿಡೋಣ ಅನ್ನಿಸಿತು. ನಾನು ಮನಸ್ಸಿನ ಡಾಕ್ಟರಲ್ಲ. ಓದಿದ್ದು ಸ್ವಲ್ಪ, ಕಂಡಿದ್ದು ಜಾಸ್ತಿ.

‘ಕಷ್ಟದ ಬಾಲ್ಯ’ ಅಂದ್ರೆ ಬಡತನ ತಾನೇ?

ಬಡತನ ಅದರಲ್ಲಿ ಒಂದು. ಅಷ್ಟೇ ಅಲ್ಲ.

1995ರಿಂದ 1997ರವರೆಗೆ ಅಮೆರಿಕದ ಸ್ಯಾನ್ ಡಿಯೇಗೊ ಊರಲ್ಲಿ 17,000ಕ್ಕೂ ಹೆಚ್ಚು ವಯಸ್ಕರನ್ನು ಅವರ ಬಾಲ್ಯದ ಬಗ್ಗೆ ಕೇಳಿದರು. ಮನೆಯಲ್ಲಿ ಹೊಡೆಯುತ್ತಿದ್ದರಾ, ಬೈದು ಹೀಯಾಳಿಸುತ್ತಿದ್ದರಾ, ಕುಡಿಯುವವರು ಇದ್ದರಾ, ಅಮ್ಮ ಏಟು ತಿನ್ನುವುದನ್ನು ನೋಡಿದ್ದಿರಾ, ಮನೆಯವರು ಯಾರಾದರೂ ಜೈಲಿಗೆ ಹೋಗಿದ್ದರಾ, ಹೀಗೆ. ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಎಂಬ ಇಬ್ಬರು ವೈದ್ಯರು ಇದನ್ನು ನಡೆಸಿ 1998ರಲ್ಲಿ ಮೊದಲ ವರದಿ ಪ್ರಕಟಿಸಿದರು. ಅವರು ಕಂಡದ್ದು ಇಷ್ಟು: ಒಂದು ಕಷ್ಟವನ್ನು ಮಗು ಹೇಗೋ ತಡೆದುಕೊಳ್ಳುತ್ತದೆ. ಎರಡು, ಮೂರು, ನಾಲ್ಕು ಒಟ್ಟಿಗೆ ಬಿದ್ದಾಗ ದೊಡ್ಡವರಾದ ಮೇಲೂ ಅದರ ಬಾಧೆ ಬಿಡುವುದಿಲ್ಲ. ಕಾಯಿಲೆ, ಚಟ, ಖಿನ್ನತೆ ಎಲ್ಲವೂ ಅಂಥವರಲ್ಲಿ ಜಾಸ್ತಿ.

ಆದರೆ ಆ ಪಟ್ಟಿ ಆರೋಗ್ಯ ವಿಮೆ ಇದ್ದ ಪಟ್ಟಣದ ಜನರ ಪಟ್ಟಿ. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ, ನಮ್ಮ ಈ ಮೂರು ಜಿಲ್ಲೆಗೆ ಬೇರೆಯದೇ ಬರೆಯಬೇಕು. ಸಾವಿರ ಅಡಿ ಕೊರೆದರೂ ಬೋರ್‌ವೆಲ್ಲಿನಲ್ಲಿ ಧೂಳು ಬಂದು ತಲೆ ಮೇಲೆ ಕೂತ ಸಾಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಮನೆಮನೆಯಿಂದ ಬೆಳಗಿನ ಜಾವ ರೈಲು ಹತ್ತಿ ಬೆಂಗಳೂರಿಗೆ ಹೋಗುವ ಅಪ್ಪ ಅಮ್ಮ. ಅವರು ಹೊರಡುವಾಗ ಮಕ್ಕಳು ಮಲಗಿರುತ್ತವೆ, ಬಂದಾಗಲೂ ಮಲಗಿರುತ್ತವೆ. ಅಜ್ಜಿ ಹತ್ತಿರ ಬಿಟ್ಟು ಇಟ್ಟಿಗೆ ಗೂಡಿಗೋ ಕಟ್ಟಡದ ಕೂಲಿಗೋ ಹೋದವರ ಮಕ್ಕಳು. ಮನೆಯಲ್ಲಿ ತೆಲುಗು, ಪುಸ್ತಕದಲ್ಲಿ ಕನ್ನಡ, ಆಸೆಯಲ್ಲಿ ಇಂಗ್ಲಿಷ್.

ಇನ್ನೊಂದು ಇದೆ, ಯಾರ ಪಟ್ಟಿಯಲ್ಲೂ ಇಲ್ಲದ್ದು. ಪಾವಗಡದಲ್ಲಿದ್ದಾಗ ಒಬ್ಬ ಹುಡುಗಿ ಉತ್ತರ ಗೊತ್ತಿದ್ದರೂ ಬಾಯಿ ಬಿಡುತ್ತಿರಲಿಲ್ಲ. ಕೇಳಿದರೆ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಸೊಕ್ಕು ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಹಲ್ಲಿನ ಮೇಲಿನ ಕಂದು ಕಲೆಗೆ ನಾಚಿಕೆ. ಫ್ಲೋರೈಡ್ ನೀರು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ನಿಯಮ. ನಮ್ಮ ಕಡೆಯ ಎಷ್ಟೋ ಬೋರ್‌ವೆಲ್ಲುಗಳಿಗೆ ಆ ನಿಯಮ ಗೊತ್ತಿಲ್ಲ.

ಬಡವರ ಮಕ್ಕಳಿಗೆ ಓದುವ ಆಸೆ ಕಡಿಮೆ ಅಂತಾರಲ್ಲ, ನಿಜವಾ?

ಸುಳ್ಳು.

ಪ್ರತಿ ವರ್ಷ ಎಂಟನೇ ಕ್ಲಾಸಿನ ಮಕ್ಕಳ ಕೈಲಿ ಒಂದು ಚೀಟಿ ಬರೆಸುತ್ತೇನೆ: ಎಷ್ಟು ಓದಬೇಕು ಅಂತಿದೆ, ಏನಾಗಬೇಕು. ಹೆಸರು ಬರೆಯುವುದು ಅವರ ಇಷ್ಟ. ಡಾಕ್ಟರ್, ಪೊಲೀಸ್, ಟೀಚರ್, ಇಂಜಿನಿಯರ್, ‘ಮಿಲ್ಟ್ರಿ’. ಖಾಲಿ ಚೀಟಿ ಕೊಟ್ಟವರನ್ನು ಬೆರಳಲ್ಲಿ ಎಣಿಸಬಹುದು.

ಇದು ನನ್ನ ಕ್ಲಾಸಿನ ಮಾತಷ್ಟೇ ಅಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರ ‘ಯಂಗ್ ಲೈವ್ಸ್’ ಎಂಬ ಅಧ್ಯಯನ ಇದೆ. ಇಥಿಯೋಪಿಯಾ, ಭಾರತ, ಪೆರು, ವಿಯೆಟ್ನಾಂ, ಈ ನಾಲ್ಕು ದೇಶಗಳ ಸುಮಾರು 12,000 ಮಕ್ಕಳನ್ನು 2002ರಿಂದ ಬೆನ್ನುಹತ್ತಿ, ಕೆಲವು ವರ್ಷಕ್ಕೊಮ್ಮೆ ಅದೇ ಮಕ್ಕಳ ಮನೆಗೆ ಹೋಗಿ ಮಾತಾಡಿಸಿದ್ದಾರೆ. ಭಾರತದಲ್ಲಿ ಅವರು ಆರಿಸಿಕೊಂಡದ್ದು ಅಂದಿನ ಆಂಧ್ರ, ಅಂದರೆ ಇಂದಿನ ಆಂಧ್ರ ಮತ್ತು ತೆಲಂಗಾಣ. ಅದರಲ್ಲಿ ಅನಂತಪುರವೂ ಇತ್ತು. ಪಾವಗಡ, ಬಾಗೇಪಲ್ಲಿಯವರಿಗೆ ಅನಂತಪುರ ಅಂದರೆ ಹೊರದೇಶವಲ್ಲ, ಹೆಣ್ಣು ಕೊಟ್ಟು ತಂದ ಊರು. ಅದೇ ಕೆಂಪು ಮಣ್ಣು, ಅದೇ ಕಡಲೆಕಾಯಿ, ಅದೇ ಬರ. ಹನ್ನೆರಡರ ವಯಸ್ಸಿನಲ್ಲಿ ಕೇಳಿದಾಗ ಆ ಮಕ್ಕಳಲ್ಲಿ ಬಹುಪಾಲು ಜನ ಕಾಲೇಜು ಓದಬೇಕು ಎಂದೇ ಹೇಳಿದ್ದರು.

ಆಸೆ ಇರುತ್ತದೆ. ಅದು ಎಲ್ಲಿ ಸೋರಿಹೋಗುತ್ತದೆ ಅನ್ನುವುದನ್ನು ನೋಡಬೇಕು.

ಸರಿ, ಎಲ್ಲಿ ಸೋರಿಹೋಗುತ್ತೆ?

ಹನ್ನೆರಡಕ್ಕೂ ಹದಿನಾರಕ್ಕೂ ನಡುವೆ. ಒಂದೇ ದಿನ ಅಲ್ಲ.

ನನ್ನ ಒಬ್ಬ ಹುಡುಗನ ಕತೆ ಹೇಳುತ್ತೇನೆ. ಎಂಟನೇ ಕ್ಲಾಸಿನ ಚೀಟಿಯಲ್ಲಿ ‘ಇಂಜಿನಿಯರ್, ಡ್ಯಾಮ್ ಕಟ್ಟೋದು’ ಅಂತ ಬರೆದಿದ್ದ. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ ನಮಗೆ ದೂರವೇನಲ್ಲ, ಪ್ರತಿ ಬ್ಯಾಚಲ್ಲಿ ಇಂಥವರು ನಾಲ್ಕೈದು ಜನ ಇದ್ದೇ ಇರುತ್ತಾರೆ. ಅವರ ಮನೆಯಲ್ಲಿ ರೇಷ್ಮೆ. ರೇಷ್ಮೆ ಕಂಡವರಿಗೆ ಗೊತ್ತು: ನಾಲ್ಕನೇ ಜ್ವರ (ಹುಳ ಪೊರೆ ಬಿಡುವ ಹೊತ್ತು) ಎದ್ದ ಮೇಲೆ ಹುಳ ಹಣ್ಣಾಗಿ ಗೂಡು ಕಟ್ಟಲು ತಯಾರಾಗುವವರೆಗೆ ಸುಮಾರು ಒಂದು ವಾರ ರಾತ್ರಿ ಹಗಲು ಅನ್ನದೆ ಸೊಪ್ಪು ಕೇಳುತ್ತದೆ. ಹುಳ ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಆ ವಾರದಲ್ಲೇ ಖರ್ಚು. ಕೂಲಿಯವರಿಗೆ ಕೊಡಲು ಕಾಸಿಲ್ಲದ ಮನೆಯಲ್ಲಿ ಸೊಪ್ಪು ಕುಯ್ಯುವವರು ಯಾರು? ಮನೆಯ ಹುಡುಗರು.

ಹೀಗೆ ಬೆಳೆಗೊಂದು ವಾರ ರಜಾ. ವರ್ಷಕ್ಕೆ ಐದಾರು ಬೆಳೆ. ಒಂದು ಸಲ ನಾನು ಬಹುಪದೋಕ್ತಿ ಶುರು ಮಾಡಿದ ವಾರ ಅವನಿಲ್ಲ. ಗಣಿತ ಗೋಡೆ ಕಟ್ಟಿದ ಹಾಗೆ, ಕೆಳಗಿನ ಸಾಲಿನ ಇಟ್ಟಿಗೆ ಬಿದ್ದರೆ ಮೇಲಿನದು ನಿಲ್ಲುವುದಿಲ್ಲ. ಬಂದವನು ಹಿಂದಿನ ಬೆಂಚಿಗೆ ಹೋದ. ಹಿಂದಿನ ಬೆಂಚಿನವರನ್ನು ಮೇಷ್ಟ್ರುಗಳು ಪ್ರಶ್ನೆ ಕೇಳುವುದು ಕಡಿಮೆ. ನಾನೂ ಕೇಳಲಿಲ್ಲ. ಆ ವರ್ಷ ಅವರಪ್ಪ ಬೋರ್ ಹಾಕಿಸಿ ನೀರು ಬರಲಿಲ್ಲ. ಅಕ್ಕನ ಮದುವೆಯನ್ನು ಸಾಲದ ಮೇಲೆಯೇ ಮಾಡಿದರು. ಹತ್ತನೇ ಕ್ಲಾಸಿನಲ್ಲಿ ಮತ್ತೆ ಚೀಟಿ ಬರೆಸಿದಾಗ ಅವನು ಬರೆದದ್ದು ಎರಡೇ ಪದ: ‘ಏನಾದ್ರೂ ಸರಿ’.

ಇವನು ಸೋಮಾರಿಯಾ? ಯಾವತ್ತು ಆಸೆ ಬಿಟ್ಟ ಅಂತ ಕೇಳಿದರೆ ಅವನಿಗೇ ಗೊತ್ತಿರಲಿಕ್ಕಿಲ್ಲ. ಪ್ರತಿ ಕಷ್ಟವೂ ಒಂದೊಂದು ಬಾಗಿಲು ಹಾಕಿಕೊಂಡು ಹೋಯಿತು. ಕೊನೆಗೆ ಉಳಿದ ಕೋಣೆಗೆ ತಕ್ಕ ಹಾಗೆ ಅವನೂ ಕುಗ್ಗಿಕೊಂಡ. ನಾವು ಆ ಕುಗ್ಗಿದ ಹುಡುಗನನ್ನು ನೋಡಿ ‘ಇವನಿಗೆ ಆಸೇನೇ ಇಲ್ಲ’ ಅಂತೀವಿ.

‘ಬೆಳೆಯುವ ಪೈರು ಮೊಳಕೆಯಲ್ಲಿ’ ಅಂತಾರೆ. ಚಿಕ್ಕಂದಿನಲ್ಲೇ ಕುಗ್ಗಿದ ಮಗು ಆಮೇಲೆ ಮೇಲೇಳುತ್ತಾ?

ಈ ಗಾದೆಯ ಮೇಲೆ ನನಗೆ ಸಿಟ್ಟಿದೆ. ರೈತರ ಮಕ್ಕಳೇ ಇದನ್ನು ಹೇಳುವಾಗ ಇನ್ನೂ ಜಾಸ್ತಿ. ಮೊಳಕೆಯಲ್ಲಿ ಬಾಡಿದ ರಾಗಿ ಒಂದು ಹದ ಮಳೆಗೆ ಎದ್ದು ನಿಲ್ಲುವುದನ್ನು ನೋಡದ ರೈತ ಇದ್ದಾನಾ?

ಮೊದಲ ವರ್ಷಗಳ ಹಸಿವು ಪೆಟ್ಟು ಕೊಡುತ್ತದೆ, ಅದು ನಿಜ. ಎತ್ತರ ಕುಂಠಿತವಾದ ಮಕ್ಕಳು ಮುಂದೆ ಕಲಿಕೆಯಲ್ಲೂ ಹಿಂದೆ ಬೀಳುವುದನ್ನು ಯಂಗ್ ಲೈವ್ಸ್‌ನವರು ನಾಲ್ಕೂ ದೇಶಗಳಲ್ಲಿ ನೋಡಿದ್ದಾರೆ. ಹಾಗೆಯೇ ಕುಗ್ಗಿದ ಕೆಲವು ಮಕ್ಕಳು ಆಮೇಲೆ ಸುಧಾರಿಸಿಕೊಂಡದ್ದನ್ನೂ ನೋಡಿದ್ದಾರೆ. ನಮಗೆ ಹತ್ತಿರದ ಸಾಕ್ಷಿ ಆಂಧ್ರದ್ದು. ಅಭಿಜಿತ್ ಸಿಂಗ್, ಆಲ್ಬರ್ಟ್ ಪಾರ್ಕ್, ಸ್ಟೀಫನ್ ಡರ್ಕಾನ್ ಎಂಬ ಮೂವರು ಅದೇ ಮಕ್ಕಳ ಲೆಕ್ಕ ಇಟ್ಟುಕೊಂಡು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬರ ಬಿದ್ದ ಮನೆಗಳ ಮಕ್ಕಳ ಬೆಳವಣಿಗೆಗೆ ಬಿದ್ದ ಪೆಟ್ಟನ್ನು ಶಾಲೆಯ ಮಧ್ಯಾಹ್ನದ ಊಟ ಬಹುಮಟ್ಟಿಗೆ ತುಂಬಿಕೊಟ್ಟಿತ್ತು.

ಹಾಗಾಗಿ ಬಿಸಿಯೂಟದ ಬಗ್ಗೆ ‘ಊಟಕ್ಕೆ ಬರ್ತಾರೆ, ಪಾಠಕ್ಕಲ್ಲ’ ಅಂತ ಯಾರಾದರೂ ಹೇಳಿದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಊಟಕ್ಕೇ ಬರಲಿ. 2002ರಲ್ಲಿ ಶುರುವಾದ ಅಕ್ಷರ ದಾಸೋಹ, 2013ರಲ್ಲಿ ಬಂದ ಕ್ಷೀರಭಾಗ್ಯದ ಹಾಲು, ಈಚಿನ ಮೊಟ್ಟೆ, ಇವೆಲ್ಲ ಓದಿನ ಖರ್ಚೇ. ಸೋಮವಾರ ಬೆಳಿಗ್ಗೆ ಪ್ರಾರ್ಥನೆಯಲ್ಲಿ ಕಣ್ಣು ಕತ್ತಲೆ ಬಂದು ಕೂರುವ ಮಕ್ಕಳನ್ನು ಕಂಡವರಿಗೆ ಭಾನುವಾರ ಶಾಲೆ ಇರುವುದಿಲ್ಲ ಅನ್ನುವುದು ನೆನಪಾಗುತ್ತದೆ.

ಹೊಡೆಯದೆ ಮಕ್ಕಳು ಕಲೀತಾರಾ? ನಮ್ಮನ್ನೂ ಹೊಡೆದೇ ತಾನೇ ಬೆಳೆಸಿದ್ದು?

ನಾನೂ ಹೊಡೆದಿದ್ದೇನೆ. ಮೊದಲ ಮೂರು ನಾಲ್ಕು ವರ್ಷ ಹುಣಸೆ ಬರಲು ನನ್ನ ಮೇಜಿನ ಮೇಲೇ ಇರುತ್ತಿತ್ತು. ಮಗ್ಗಿ ತಪ್ಪಿದರೆ ಅಂಗೈ ಮೇಲೆ ಎರಡು. ಒಂದು ದಿನ ಒಬ್ಬ ಹುಡುಗ ನಾನು ಕೇಳುವ ಮೊದಲೇ ಕೈ ಚಾಚಿ ನಿಂತ. ಉತ್ತರ ಯೋಚಿಸುವ ಕಷ್ಟಕ್ಕಿಂತ ಏಟು ತಿಂದು ಕೂರುವುದು ಸುಲಭ ಅಂತ ಲೆಕ್ಕ ಹಾಕಿದ್ದ. ನನ್ನ ಪಾಠದಿಂದ ಅವನು ಕಲಿತ ಲೆಕ್ಕ ಅದೊಂದೇ. ಅವತ್ತಿಂದ ಆ ಬರಲನ್ನು ಮುಟ್ಟಲಿಲ್ಲ.

ಯಂಗ್ ಲೈವ್ಸ್ ಮಕ್ಕಳಿಗೆ ಎಂಟು ವರ್ಷವಾಗಿದ್ದಾಗ ಕೇಳಿದ್ದರು: ಹೋದ ವಾರ ಟೀಚರು ಯಾರಿಗಾದರೂ ಹೊಡೆದದ್ದನ್ನು ನೋಡಿದೆಯಾ? ಭಾರತದಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಕ್ಕಳು ಹೂಂ ಅಂದರು. ನಾಲ್ಕು ದೇಶಗಳಲ್ಲಿ ನಾವೇ ಮೊದಲು. ಶಿಕ್ಷಣ ಹಕ್ಕು ಕಾಯ್ದೆ ಬಂದದ್ದೂ ಅದೇ ಹೊತ್ತಿಗೆ, 2009ರಲ್ಲಿ. ಅದರ 17ನೇ ಸೆಕ್ಷನ್ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಮನೆಯಲ್ಲಿ ಅಪ್ಪನ ಏಟು, ಶಾಲೆಯಲ್ಲಿ ನಮ್ಮ ಏಟು. ಆ ಮಗುವಿಗೆ ಏಟಿಲ್ಲದ ಜಾಗ ಯಾವುದು ಅಂತ ಒಂದು ಸಲ ಯೋಚಿಸಿ.

ಮಾತಿನ ಏಟೂ ಸೇರಿತು. ‘ನೀನು ಎಮ್ಮೆ ಮೇಯಿಸೋಕೇ ಲಾಯಕ್ಕು’ ಅನ್ನುವವರು ತಾವು ಕುಡಿಯುವ ಕಾಫಿಗೆ ಹಾಲು ಎಲ್ಲಿಂದ ಬರುತ್ತೆ ಅಂದುಕೊಂಡಿದ್ದಾರೋ.

ಹೆಣ್ಣುಮಕ್ಕಳಿಗೆ ಕಷ್ಟ ಬೇರೆ ತರಹವಾ?

ಬೇರೆ ತರಹ, ಮತ್ತು ಜಾಸ್ತಿ.

ಹುಡುಗಿಯರ ಚೀಟಿಗಳಲ್ಲಿ ಆಸೆ ಹುಡುಗರಿಗಿಂತ ಸಣ್ಣದಾಗಿರುವುದಿಲ್ಲ. ಮಾರ್ಕ್ಸ್ ನೋಡಿದರೆ ಅವರೇ ಮುಂದೆ. ಆದರೆ ಮನೆಯವರ ಆಸೆ ಬೇರೆ. ಭಾರತ ಮತ್ತು ಇಥಿಯೋಪಿಯಾದಲ್ಲಿ ತಂದೆ ತಾಯಿ ಗಂಡುಮಕ್ಕಳಿಗೆ ಹೆಚ್ಚು ಓದು ಬಯಸಿದ್ದು ಯಂಗ್ ಲೈವ್ಸ್ ಲೆಕ್ಕದಲ್ಲಿ ಕಂಡಿತು. ಪೆರು, ವಿಯೆಟ್ನಾಂನಲ್ಲಿ ಹಾಗೆ ಕಾಣಲಿಲ್ಲ. ಅಂದರೆ ಇದು ಬಡತನದ ಗುಣವಲ್ಲ. ಬಡತನ ಅಲ್ಲೂ ಇತ್ತು.

ನಮ್ಮ ಕಡೆ ಇದು ನಡೆಯುವ ರೀತಿ ಇದು. ಹೈಸ್ಕೂಲು ಹೋಬಳಿಯಲ್ಲಿ, ಪಿಯು ಕಾಲೇಜು ತಾಲ್ಲೂಕಿನಲ್ಲಿ. ಹತ್ತನೇ ಕ್ಲಾಸು ಮುಗಿದ ದಿನದಿಂದ ಬಸ್ಸಿನ ಪ್ರಶ್ನೆ ಶುರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಉಚಿತ. ಒಳ್ಳೆಯದಾಯಿತು, ಕಾಸಿನ ನೆಪ ಹೋಯಿತು. ಆದರೆ ಖಾಸಗಿ ಬಸ್ಸೇ ಓಡುವ ದಾರಿಯಲ್ಲಿ ಶಕ್ತಿ ನಡೆಯಲ್ಲ. ಸಂಜೆ ಲ್ಯಾಬ್ ಮುಗಿಸಿ ಬರುವ ಹುಡುಗಿಗೆ ಐದೂವರೆ ಬಸ್ಸು ತಪ್ಪಿದರೆ ಏಳರ ಬಸ್ಸು. ಕ್ರಾಸಿನಲ್ಲಿ ಇಳಿದು ಕತ್ತಲಲ್ಲಿ ಎರಡು ಕಿಲೋಮೀಟರ್. ‘ಯಾಕೆ ಲೇಟು’ ಅಂತ ಊರು ಕೇಳುತ್ತದೆ. ಹುಡುಗಿಯನ್ನಲ್ಲ, ಅವರಮ್ಮನನ್ನು. ಮೂರನೇ ಸಲ ಕೇಳಿದ ಮೇಲೆ ಅಮ್ಮ ಗಂಡು ಹುಡುಕಲು ಒಪ್ಪುತ್ತಾಳೆ.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಶೇ. 21.3 ಜನಕ್ಕೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಐದರಲ್ಲಿ ಒಬ್ಬರು. ನಮ್ಮ ರಾಜ್ಯದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಕಾನೂನಿನ ಮುಂದೆ ಮದುವೆಯೇ ಅಲ್ಲ. ಆದರೂ ಬೇಸಿಗೆ ರಜೆ ಮುಗಿದು ಹಾಜರಿ ಕರೆಯುವಾಗ ಒಂದೆರಡು ಹೆಸರಿಗೆ ಉತ್ತರ ಬರುವುದಿಲ್ಲ. ಗೆಳತಿಯರು ತಲೆ ತಗ್ಗಿಸುತ್ತಾರೆ, ನಮಗೆ ತಿಳಿಯುತ್ತದೆ.

ಇದು ಬದಲಾಗುತ್ತಾ? ಆಗುತ್ತದೆ. ಪಶ್ಚಿಮ ಬಂಗಾಳದ 495 ಹಳ್ಳಿಗಳ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಆ ತಂಡದಲ್ಲಿದ್ದರು. ಮೀಸಲಾತಿಯಿಂದ ಎರಡು ಅವಧಿಗೆ ಹೆಂಗಸೇ ಪಂಚಾಯಿತಿ ಮುಖ್ಯಸ್ಥೆಯಾದ ಹಳ್ಳಿಗಳಲ್ಲಿ ಹುಡುಗ ಹುಡುಗಿಯರ ಆಸೆಯ ನಡುವಿನ ಅಂತರ ಸುಮಾರು ಮೂರನೇ ಒಂದು ಭಾಗ ಇಳಿದಿತ್ತು. ಓದಿನಲ್ಲಿದ್ದ ಅಂತರ ಪೂರ್ತಿ ಹೋಗಿತ್ತು. ಹೊಸ ಶಾಲೆ ಕಟ್ಟಿಸಿದ್ದರಿಂದಲ್ಲ, ಕಣ್ಣೆದುರಿಗೆ ಒಬ್ಬಳು ಕುರ್ಚಿ ಮೇಲೆ ಕೂತಿದ್ದನ್ನು ನೋಡಿದ್ದರಿಂದ. ಕರ್ನಾಟಕದಲ್ಲಿ 1987ರ ಚುನಾವಣೆಯಲ್ಲೇ ಹೆಂಗಸರಿಗೆ ಶೇ. 25 ಮೀಸಲಿತ್ತು, ಈಗ ಅರ್ಧ ಇದೆ. ಆದರೆ ನಮ್ಮಲ್ಲಿ ಎಷ್ಟೋ ಕಡೆ ಅಧ್ಯಕ್ಷರು ಅಮ್ಮ, ಕುರ್ಚಿ ಮಾತ್ರ ಯಜಮಾನರದ್ದು. ಹುಡುಗಿಯರು ಅದನ್ನೂ ನೋಡುತ್ತಾರೆ ಅಲ್ವಾ?

ಅಪ್ಪ ಕುಡಿದು ಬಂದು ಗಲಾಟೆ ಮಾಡ್ತಾರೆ. ಮಗು ಓದೋದು ಹೇಗೆ?

ಆ ಹೊತ್ತಿಗೆ ಮಗು ಮನೆಯಿಂದ ಹೊರಗಿರುವ ಹಾಗೆ ಮಾಡಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ (ಗ್ರಂಥಾಲಯ), ಹಾಸ್ಟೆಲ್‌ನಲ್ಲಿರುವ ಗೆಳೆಯನ ಕೋಣೆ, ಸೋದರತ್ತೆ ಮನೆ, ದೇವಸ್ಥಾನದ ಜಗಲಿ, ಲೈಟಿರುವ ಯಾವುದಾದರೂ ಸರಿ. ‘ಗಮನ ಕೊಟ್ಟು ಓದು’ ಅನ್ನುವುದು ಸುಮ್ನೆ ಬಾಯಿಮಾತು. ರಾತ್ರಿ ಎಂಟಕ್ಕೆ ಬಾಗಿಲು ಸದ್ದಾಗುವುದನ್ನು ಕಾಯುತ್ತಾ ಕೂತ ಮಗುವಿನ ಗಮನ ಪೂರ್ತಿ ಬಾಗಿಲ ಮೇಲೇ ಇರುತ್ತದೆ. ಅದು ತಪ್ಪಲ್ಲ, ಅದು ಜೀವ ಉಳಿಸಿಕೊಳ್ಳುವ ಬುದ್ಧಿ.

ಒಂಬತ್ತನೇ ಕ್ಲಾಸಿನ ಮಗ ‘ಸ್ಕೂಲ್ ಬಿಡ್ತೀನಿ, ದುಡೀತೀನಿ’ ಅಂತಾನೆ. ತಡೀಬೇಕಾ?

ತಡೆಯಿರಿ, ಆದರೆ ಮೊದಲು ಅವನ ಮಾತು ಕೇಳಿ. ಮನೆಯ ಸಾಲದ ಬಡ್ಡಿ ಎಷ್ಟು ಅನ್ನುವುದು ಅವನಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅಪ್ಪನ ಭಾರ ಇಳಿಸುವ ಆಸೆಯೂ ಆಸೆಯೇ.

ಕಾನೂನು ಹೇಳುವುದು ಇದು: ಹದಿನಾಲ್ಕರೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ, ಹದಿನೆಂಟರೊಳಗಿನವರನ್ನು ಅಪಾಯದ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಮನೆಯವರ ಕೆಲಸದಲ್ಲಿ ಶಾಲೆ ಬಿಟ್ಟ ಮೇಲೆ ಕೈ ಜೋಡಿಸಬಹುದು ಅಂತ 2016ರ ತಿದ್ದುಪಡಿಯಲ್ಲಿ ವಿನಾಯಿತಿ ಇದೆ. ಆ ‘ಶಾಲೆ ಬಿಟ್ಟ ಮೇಲೆ’ ಎಂಬ ಮಾತು ಹುಳದ ಮನೆಗೂ ಟೊಮ್ಯಾಟೊ ತೋಟಕ್ಕೂ ಕೇಳಿಸಿಲ್ಲ.

ಲೆಕ್ಕದ ಮಾತು ಹೇಳಿ ನೋಡಿ, ಹುಡುಗರು ಕೇಳುತ್ತಾರೆ. ಕೋಲಾರದ ಟೊಮ್ಯಾಟೊ ಮಂಡಿಯಲ್ಲಿ ಬಾಕ್ಸ್ ಹೊರುವವನಿಗೆ ಇವತ್ತು ಸಿಗುವ ಕೂಲಿ, ಹತ್ತು ವರ್ಷ ಆದ ಮೇಲೂ ಅದೇ ಕೆಲಸದ ಕೂಲಿಯೇ. ನರಸಾಪುರ, ವೇಮಗಲ್, ತುಮಕೂರಿನ ವಸಂತನರಸಾಪುರದ ಫ್ಯಾಕ್ಟರಿಗಳಲ್ಲಿ ಒಳಗೆ ಕಾಲಿಡಲು ಎಸ್‌ಎಸ್‌ಎಲ್‌ಸಿ, ಐಟಿಐ ಕೇಳುತ್ತಾರೆ. ಒಂದೂವರೆ ವರ್ಷ ತಡೆದುಕೊಂಡರೆ ಬಾಗಿಲು ಬೇರೆ. ಜೊತೆಗೆ ಆ ಒಂದೂವರೆ ವರ್ಷದ ಬಡ್ಡಿಗೆ ಏನು ದಾರಿ ಅಂತ ದೊಡ್ಡವರು ಕೂತು ಮಾತಾಡಬೇಕು. ಅದನ್ನು ಬಿಟ್ಟು ಬರೀ ಬುದ್ಧಿ ಹೇಳಿದರೆ ಅವನು ಯಾಕೆ ಕೇಳಬೇಕು?

ಎಸ್‌ಎಸ್‌ಎಲ್‌ಸಿ ಫೇಲಾದ್ರೆ ಮುಗೀತಾ?

ಇಲ್ಲ. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯಬಹುದು. ಫಲಿತಾಂಶ ಬಂದ ವಾರ ಮಗುವನ್ನು ಒಂಟಿಯಾಗಿ ಬಿಡಬೇಡಿ. ನೆಂಟರ ಫೋನು ನೀವೇ ಎತ್ತಿ.

ಎಚ್. ನರಸಿಂಹಯ್ಯನವರು ಬೆಂಗಳೂರಿಗೆ ನಡೆದೇ ಹೋಗಿ ಓದಲಿಲ್ವಾ? ಈಗಿನವರಿಗೆ ಏನು ರೋಗ?

ಗೌರಿಬಿದನೂರು ಕಡೆ ಈ ಪ್ರಶ್ನೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಹೊಸೂರಿನ ಬಡ ಮನೆಯಲ್ಲಿ 1920ರಲ್ಲಿ ಹುಟ್ಟಿದ ಹುಡುಗ ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದು ಹೋದದ್ದು, ಅಮೆರಿಕದಲ್ಲಿ ಭೌತವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿದ್ದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದದ್ದು ಎಲ್ಲ ನಿಜ. ನಾನೂ ಮಕ್ಕಳಿಗೆ ಹೇಳುತ್ತೇನೆ.

ಆದರೆ ಪೂರ್ತಿ ಹೇಳುತ್ತೇನೆ. ನಡೆದು ಹೋದವರಿಗೆ ಆ ಕಡೆ ಸೇರಿಸಿಕೊಳ್ಳುವ ನ್ಯಾಷನಲ್ ಹೈಸ್ಕೂಲ್ ಇತ್ತು. ಆ ವರ್ಷ ಹೊಸೂರಿನ ಸುತ್ತ ಓದಬೇಕು ಅಂತಿದ್ದು ನಡೆಯಲಾಗದೆ ಉಳಿದ ಹುಡುಗರ ಹೆಸರು ನಮಗೆ ಗೊತ್ತಿಲ್ಲ, ಹುಡುಗಿಯರದ್ದಂತೂ ಕೇಳಲೇಬೇಡಿ. ಮತ್ತೊಂದು, ಎಚ್‌ಎನ್ ದೊಡ್ಡವರಾದ ಮೇಲೆ ‘ನಾನು ನಡೆದೆ, ನೀವೂ ನಡೀರಿ’ ಅಂತ ಕೂರಲಿಲ್ಲ. ಗೌರಿಬಿದನೂರಿಗೆ, ಬಾಗೇಪಲ್ಲಿಗೆ ನ್ಯಾಷನಲ್ ಕಾಲೇಜು ತಂದರು. ಮುಂದಿನವನು ನಡೆಯುವುದು ಬೇಡ ಅಂತಲೇ ಅಲ್ವಾ ಅದು?

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ವಾ? ಕೂಲಿಯವರ ಮಗಳು ಐಎಎಸ್ ಅಂತ ಕನಸು ಕಂಡರೆ ಕೊನೆಗೆ ನಿರಾಸೆ ತಾನೇ?

ಅರ್ಥಶಾಸ್ತ್ರಜ್ಞ ದೇಬ್‌ರಾಜ್ ರೇ 2006ರಲ್ಲಿ ಒಂದು ಸರಳ ಮಾತು ಹೇಳಿದರು. ಗುರಿ ತೀರಾ ಹತ್ತಿರ ಇದ್ದರೆ ಜನ ಶ್ರಮ ಹಾಕುವುದಿಲ್ಲ. ತೀರಾ ದೂರ ಇದ್ದರೂ ಹಾಕುವುದಿಲ್ಲ, ಹೇಗೂ ತಲುಪಲ್ಲ ಅಂತ ಕೈ ಚೆಲ್ಲುತ್ತಾರೆ. ಕಣ್ಣಿಗೆ ಕಾಣುವ, ಕೈ ಚಾಚಿದರೆ ಇನ್ನೇನು ಸಿಗಬಹುದು ಅನ್ನಿಸುವ ದೂರದಲ್ಲಿದ್ದಾಗ ಮಾತ್ರ ಕಾಲು ಏಳುತ್ತದೆ.

ಇದಕ್ಕೆ ಮದ್ದು ಕನಸು ಸಣ್ಣದು ಮಾಡುವುದಲ್ಲ. ನಡುವಿನ ಮೆಟ್ಟಿಲು ತೋರಿಸುವುದು. ಶಾಲೆಗೆ ಬಂದು ಮೈಕ್ ಹಿಡಿದು ‘ಕನಸು ಕಾಣಿ, ಐಎಎಸ್ ಆಗಿ’ ಅಂತ ಒಂದು ಗಂಟೆ ಭಾಷಣ ಮಾಡಿ ಕಾರು ಹತ್ತುವವರ ಮೇಲೆ ನನಗೆ ನಂಬಿಕೆ ಇಲ್ಲ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಮಾರನೇ ದಿನ ಪಿಯುಸಿಯಲ್ಲಿ ಯಾವ ಕಾಂಬಿನೇಷನ್ ತಗೋಬೇಕು ಅಂತ ಕೇಳಲು ಯಾರೂ ಇರುವುದಿಲ್ಲ.

ಒಂದು ಉದಾಹರಣೆ. ಇಂಜಿನಿಯರ್ ಆಗಬೇಕಾದರೆ ಪಿಯುಸಿ ಸೈನ್ಸ್, ಸಿಇಟಿ, ಅದೊಂದೇ ದಾರಿ ಅಂತ ನಮ್ಮ ಹಳ್ಳಿಗಳಲ್ಲಿ ಎಲ್ಲರ ತಲೆಯಲ್ಲಿದೆ. ಆ ದಾರಿಗೆ ಟ್ಯೂಷನ್ ಬೇಕು, ಟ್ಯೂಷನ್‌ಗೆ ಕಾಸು ಬೇಕು. ಇನ್ನೊಂದು ದಾರಿ ಇದೆ: ಎಸ್‌ಎಸ್‌ಎಲ್‌ಸಿ ಆದ ಮೇಲೆ ಮೂರು ವರ್ಷದ ಡಿಪ್ಲೊಮಾ, ಆಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಇಂಜಿನಿಯರಿಂಗ್. ಐಟಿಐ ಮುಗಿಸಿದವರೂ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು. ನಡುವೆ ಎಲ್ಲಿ ನಿಂತರೂ ಕೈಯಲ್ಲಿ ಒಂದು ಕೆಲಸ ಇರುತ್ತದೆ. ಡ್ಯಾಮ್ ಕಟ್ಟಬೇಕು ಅಂದಿದ್ದ ಆ ಹುಡುಗನಿಗೆ ಇದನ್ನು ನಾನು ಹೇಳಿದ್ದು ಹತ್ತನೇ ಕ್ಲಾಸಿನ ಕೊನೆಗೆ. ಎಂಟನೇ ಕ್ಲಾಸಲ್ಲೇ ಹೇಳಬೇಕಿತ್ತು. ಅದು ನನ್ನ ತಪ್ಪು.

ಮೇಷ್ಟ್ರುಗಳು ಏನು ಮಾಡಬಹುದು? ನಮಗೇ ನೂರೆಂಟು ಕೆಲಸ.

ಗೊತ್ತು. ಗಣತಿ, ಚುನಾವಣೆ, ಆ್ಯಪಿನಲ್ಲಿ ಫೋಟೊ ಹಾಕುವುದು. ಆದರೂ ಎರಡು ಮೂರು ಕೆಲಸಕ್ಕೆ ಸಮಯ ಬೇಕಿಲ್ಲ.

‘ಯಾಕೆ ಬರಲಿಲ್ಲ?’ ಅಂತ ಕೇಳುವ ಬದಲು ‘ಮನೇಲಿ ಏನಾಯ್ತಪ್ಪಾ?’ ಅಂತ ಕೇಳಿ. ಎಲ್ಲರ ಮುಂದೆ ಬೇಡ, ಬಿಸಿಯೂಟದ ಹೊತ್ತಲ್ಲಿ. ಗೈರಾಗಿ ಬಂದವನಿಗೆ ತಪ್ಪಿಹೋದ ಪಾಠವನ್ನು ಹತ್ತು ನಿಮಿಷ ಹೇಳಲು ಇನ್ನೊಬ್ಬ ಹುಡುಗನನ್ನು ನೇಮಿಸಿ. ನಾನು ಇದನ್ನು ‘ಸೊಪ್ಪಿನ ಜೊತೆಗಾರ’ ಅಂತ ಕರೆಯುತ್ತೇನೆ, ಮಕ್ಕಳು ನಗುತ್ತಾರೆ, ಆದರೆ ಮಾಡುತ್ತಾರೆ. ಹಿಂದಿನ ಬೆಂಚಿಗೆ ವಾರಕ್ಕೊಮ್ಮೆ ಹೋಗಿ ಕೂತುಕೊಳ್ಳಿ. ಅಲ್ಲಿಂದ ಬೋರ್ಡು ಹೇಗೆ ಕಾಣುತ್ತೆ ಅಂತ ಗೊತ್ತಾಗುತ್ತದೆ.

ಕಾಸಿನ ಸಹಾಯ ಎಲ್ಲಿ ಸಿಗುತ್ತೆ?

ಮುಖ್ಯವಾದವು ಹೇಳುತ್ತೇನೆ. ಎಂಟನೇ ಕ್ಲಾಸಿನಲ್ಲಿ ಎನ್‌ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಸರ್ಕಾರಿ, ಅನುದಾನಿತ ಶಾಲೆಯ, ವರ್ಷಕ್ಕೆ ಮೂರೂವರೆ ಲಕ್ಷದೊಳಗೆ ಆದಾಯ ಇರುವ ಮನೆಯ ಮಕ್ಕಳಿಗೆ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಎಷ್ಟೋ ಶಾಲೆಗಳಲ್ಲಿ ಅರ್ಜಿಯನ್ನೇ ಹಾಕಿಸುವುದಿಲ್ಲ, ಕೇಳಿ ಹಾಕಿಸಿ. ಉಳಿದ ವಿದ್ಯಾರ್ಥಿವೇತನಗಳು ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಆಧಾರ್‌ನಲ್ಲಿರುವ ಹೆಸರು, ಶಾಲಾ ದಾಖಲೆಯ ಹೆಸರು ಒಂದೇ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಅರ್ಧ ಅರ್ಜಿಗಳು ಒಂದು ಇನಿಷಿಯಲ್‌ಗೆ ಸಿಕ್ಕಿ ಸಾಯುತ್ತವೆ.

ಹಿಂದುಳಿದ ವರ್ಗಗಳ ಬಿಸಿಎಂ ಹಾಸ್ಟೆಲ್, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಇವೆ. ಆರನೇ ಕ್ಲಾಸಿಗೆ ಪರೀಕ್ಷೆ ಬರೆದು ಸೇರುವ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿವೆ. ತುಮಕೂರಿನವರಿಗೆ ಸಿದ್ಧಗಂಗಾ ಮಠದ ಬಗ್ಗೆ ನಾನು ಹೇಳಬೇಕಿಲ್ಲ. ಅಪ್ಪ ಇಲ್ಲದ, ಅಥವಾ ತೀರಾ ತೊಂದರೆಯಲ್ಲಿರುವ ಮಕ್ಕಳಿಗೆ ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಇದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ.

ಮಗು ಹೇಳಬಾರದ ಗುಟ್ಟು ಹೇಳಿಬಿಟ್ಟರೆ? ಯಾರಿಗೂ ಹೇಳಬೇಡಿ ಅಂತ ಆಣೆ ಹಾಕಿಸಿಕೊಂಡ್ರೆ?

ಆಣೆ ಹಾಕಬೇಡಿ. ‘ನಿನ್ನ ಒಳ್ಳೇದಕ್ಕೆ ಹೇಳಬೇಕಾದವರಿಗೆ ಮಾತ್ರ ಹೇಳ್ತೀನಿ’ ಅಂತ ಹೇಳಿ. ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು ಅಂತ 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ, ಮುಚ್ಚಿಟ್ಟರೆ ಅದೇ ಅಪರಾಧ. ‘ಊರಿನ ಮರ್ಯಾದೆ’ ಅಂತ ಹಿರಿಯರು ಕೂತು ತೀರ್ಮಾನ ಮಾಡುವ ವಿಷಯ ಅಲ್ಲ ಇದು. ಮಕ್ಕಳ ಸಹಾಯವಾಣಿ 1098, ಹಗಲು ರಾತ್ರಿ, ಕಾಸಿಲ್ಲ. ಬಾಲ್ಯವಿವಾಹಕ್ಕೂ ಅದೇ ನಂಬರ್. ಮನಸ್ಸಿನ ಸಂಕಟಕ್ಕೆ ಟೆಲಿ ಮನಸ್ 14416, ಕನ್ನಡದಲ್ಲೇ ಮಾತಾಡಬಹುದು. ಈ ಎರಡು ನಂಬರನ್ನು ಕ್ಲಾಸಿನ ಗೋಡೆ ಮೇಲೆ ಪೇಂಟಲ್ಲಿ ಬರೆಸಿ. ಚಾರ್ಟು ಹರಿದುಹೋಗುತ್ತದೆ.

ಸಾರ್, ನಾನು ನಿಮ್ಮ ಹಳೇ ಸ್ಟೂಡೆಂಟ್. ಎಂಟನೇ ಕ್ಲಾಸಲ್ಲಿ ಬರೆದ ಚೀಟಿ ಇನ್ನೂ ಇದೆಯಾ?

ಇದೆ. ವರ್ಷವಾರು ಕಟ್ಟಿ ಹಳೇ ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟಿದ್ದೇನೆ. ಹೆಸರು ಬರೆಯದಿದ್ದರೂ ನಿಮ್ಮ ಅಕ್ಷರ ನೀವೇ ಗುರುತು ಹಿಡೀತೀರಿ. ಶನಿವಾರ ಮಧ್ಯಾಹ್ನದ ಮೇಲೆ ಸ್ಟಾಫ್ ರೂಮಿನಲ್ಲೇ ಇರುತ್ತೇನೆ, ಬನ್ನಿ. ಏನಾಗಿದ್ದೀರಿ ಅಂತ ಕೇಳಲ್ಲ.